ಒಳಗೆ ಬಿಟ್ಟ ಬಟ್ಟೆ

ಆಗಸ್ಟ್ ತಿಂಗಳ ಕೊನೆಯ ಭಾನುವಾರ, ಬೆಳಗ್ಗೆ ಏಳೂಕಾಲು. ಸ್ಥಳ, ಚಾಮರಾಜಪೇಟೆಯ ನಮ್ಮ ಮನೆಯ ನಡುಮನೆ. ಹಾಜರಿದ್ದವರು ನಾನು, ನನ್ನ ಸೊಸೆ, ನನ್ನ ಮೊಮ್ಮಗಳು. ಮಗ ಕೆಲಸದ ಮೇಲೆ ಹುಬ್ಬಳ್ಳಿಗೆ ಹೋಗಿದ್ದ. ಕಿಟಕಿಯ ಪಕ್ಕದಲ್ಲಿ ನನ್ನ ಹೊಲಿಗೆ ಮಷೀನು, ಅದರ ಮೇಲೆ ಕತ್ತರಿ, ಟೇಪು, ಗುಂಡುಪಿನ್ನಿನ ಡಬ್ಬಿ. ಮಾಡಬೇಕಾದ ಕೆಲಸ ಒಂದೇ: ಮೊಮ್ಮಗಳ ಕಾಲೇಜಿನ ವೇಷಭೂಷಣ ಸ್ಪರ್ಧೆಗೆ ಹೊಲಿದಿದ್ದ ವೇಷಕ್ಕೆ ಕೊಕ್ಕೆ ಹಾಕಿ ಮುಗಿಸುವುದು. ಮಾರನೆಯ ದಿನ ಅವಳು ಅದನ್ನು ಹಾಕಿಕೊಂಡು ವೇದಿಕೆ ಹತ್ತಬೇಕಿತ್ತು.

ಹೀಗೆ ಶುರುಮಾಡುವುದು ನನ್ನ ಅಭ್ಯಾಸ. ನಾನು ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಹೊಲಿಗೆ ಟೀಚರ್ ಆಗಿದ್ದವಳು. ನಮ್ಮ ಹೆಡ್‌ಮಿಸ್ಟ್ರೆಸ್ ಪ್ರತಿಯೊಬ್ಬ ಟೀಚರಿಂದಲೂ ದಿನದ ವರದಿ ಬರೆಸುತ್ತಿದ್ದರು. ಮೊದಲು ದಿನ, ಗಂಟೆ, ಹಾಜರಿದ್ದವರು. ಕೊನೆಗೆ ಮುಗಿದ ಕೆಲಸ. ನಡುವೆ ಏನಾದರೂ ಬರೆಯಿರಿ, ಆದರೆ ಗೋಳು ಬೇಡ ಎನ್ನುತ್ತಿದ್ದರು. ಆ ಭಾನುವಾರದ ನಡುಭಾಗದಲ್ಲಿ ಸಿಟ್ಟು ಬಿಟ್ಟರೆ ಬರೆಯುವುದಕ್ಕೆ ನನ್ನ ಬಳಿ ಹೆಚ್ಚೇನೂ ಇಲ್ಲ. ಸಿಟ್ಟು ಗೋಳಲ್ಲ ಅಂದುಕೊಂಡು ಬರೆಯುತ್ತಿದ್ದೇನೆ.

ವೇಷ ಒಂದು ವಿಡಿಯೋ ಗೇಮಿನ ಹೆಂಗಸಿನದು. ಕೈಯಲ್ಲಿ ಭರ್ಜಿ, ಕಾಲಲ್ಲಿ ಹೈಹೀಲ್ಸ್, ಮೈಮೇಲೆ ತಾಮ್ರದ ಬಣ್ಣದ ಕವಚ. ಕವಚ ಅಂತ ಮೊಮ್ಮಗಳು ಹೇಳುವುದು. ನನ್ನ ಪ್ರಕಾರ ಅದು ನಡುವಿನವರೆಗೆ ಇಳಿಬಿಟ್ಟ ರವಿಕೆ. ಹೊಟ್ಟೆಯ ಜಾಗದಲ್ಲಿ ವೀಳ್ಯದೆಲೆಯ ಆಕಾರದ ಒಂದು ದೊಡ್ಡ ಕಿಂಡಿ. ಎಲ್ಲಿ ಭರ್ಜಿ ಚುಚ್ಚಿದರೆ ಮನುಷ್ಯ ಸಾಯುತ್ತಾನೋ ಸರಿಯಾಗಿ ಅಲ್ಲೇ ಬಟ್ಟೆ ಇಲ್ಲ.

ಆ ಹೆಂಗಸನ್ನು ಮಾಡಿದವಳು ನನ್ನ ಸೊಸೆ. ಅವಳ ಕೆಲಸವೇ ಅದು. ಹೊರದೇಶದ ಗೇಮುಗಳಿಗೆ ಪಾತ್ರಗಳನ್ನು ಕಂಪ್ಯೂಟರಿನಲ್ಲಿ ರೂಪಿಸಿಕೊಡುವ ಕಂಪನಿಯಲ್ಲಿ ಇದ್ದಾಳೆ. ವಾರದಲ್ಲಿ ಎರಡು ದಿನ ಮನೆಯಿಂದಲೇ ಮಾಡುತ್ತಾಳೆ. ಅವಳ ಕೈ ಬಹಳ ಚೆನ್ನಾಗಿದೆ. ಬಟ್ಟೆಯ ನೆರಿಗೆ ನಡೆಯುವಾಗ ಯಾವ ಕಡೆ ಬೀಳುತ್ತದೆ ಅಂತ ನನ್ನ ಸೀರೆ ಹಿಡಿದು ಹಿಂದೆ ಮುಂದೆ ನಡೆಸಿ ನೋಡಿದ್ದಾಳೆ. ಆ ಗೇಮು ಬಿಡುಗಡೆಯಾದಾಗ ಎಲ್ಲಿಯೂ ಅವಳ ಹೆಸರು ಬರಲಿಲ್ಲ. ಮೊಮ್ಮಗಳಿಗೆ ಅದೇ ಕೊರಗು. ಅದಕ್ಕೇ ಈ ವೇಷ. "ಸ್ಟೇಜ್ ಮೇಲೆ ಮೈಕ್ ಕೊಡ್ತಾರೆ ಅಜ್ಜಿ. ಇದನ್ನ ಮಾಡಿದ್ದು ನಮ್ಮಮ್ಮ ಅಂತ ಎಲ್ರ ಮುಂದೆ ಹೇಳ್ತೀನಿ" ಎಂದಿದ್ದಳು. ಒಳ್ಳೆಯ ಮಾತು. ನಾನು ಒಪ್ಪಿಕೊಂಡು ಹೊಲಿಯಲು ಕೂತದ್ದು ಆ ಮಾತಿಗೆ.

ಹೊಲಿಯುವ ಮೊದಲು ಆ ಚಿತ್ರದ ದೊಡ್ಡ ಪ್ರಿಂಟು ತರಿಸಿದ್ದೆ. ಅವೆನ್ಯೂ ರಸ್ತೆಯಿಂದ ಬ್ರೌನ್ ಪೇಪರ್ ತರಿಸಿ, ಮೊಮ್ಮಗಳ ಎತ್ತರಕ್ಕೆ ಆ ಚಿತ್ರವನ್ನು ಹಿಗ್ಗಿಸಿ ಗೆರೆ ಹಾಕಿದೆ. ಭುಜ ಬಂತು, ಎದೆ ಬಂತು. ಸೊಂಟಕ್ಕೆ ಬಂದಾಗ ನನ್ನ ಲೆಕ್ಕವೇ ತಪ್ಪಿತೇನೋ ಅಂತ ಇನ್ನೊಮ್ಮೆ ಕೂಡಿದೆ. ತಪ್ಪಿರಲಿಲ್ಲ. ಆ ಹೆಂಗಸಿನ ಸೊಂಟ ಮೊಮ್ಮಗಳ ಕತ್ತಿಗಿಂತ ಒಂದಿಷ್ಟೇ ದಪ್ಪ. ಅವಳನ್ನು ಕರೆದು ತೋರಿಸಿದೆ.

"ಇದರೊಳಗೆ ಕರುಳು ಎಲ್ಲಿಡ್ತಾಳೆ ಇವಳು? ಬ್ಯಾಗಲ್ಲಿ ಇಟ್ಕೊಂಡು ಓಡಾಡ್ತಾಳಾ?"

ಅವಳು ಬಿದ್ದು ಬಿದ್ದು ನಕ್ಕಳು. "ಅಜ್ಜಿ, ಅದು ಗೇಮು. ಅಂಥ ಸೊಂಟ ಯಾರಿಗೂ ಇರಲ್ಲ ಅಂತ ನಂಗೂ ಗೊತ್ತು."

ಗೊತ್ತಿದ್ದರೆ ಸರಿ ಅಂದುಕೊಂಡೆ. ಇಪ್ಪತ್ತು ವರ್ಷದ, ಡಿಗ್ರಿ ಓದುತ್ತಿರುವ ಹುಡುಗಿಗೆ ಗೊತ್ತಿರಲೇಬೇಕು. ಅವಳ ಸ್ವಂತ ಅಳತೆ ತೆಗೆದು, ಅವಳ ಮೈಗೆ ರವಿಕೆ ಹೊಲಿದೆ. ಪಕ್ಕದ ಹೊಲಿಗೆಯ ಒಳಗೆ ಎರಡೂ ಕಡೆ ಎರಡು ಬೆರಳಿನಷ್ಟು ಬಟ್ಟೆ ಬಿಟ್ಟೆ. ಬಟ್ಟೆ ಕತ್ತರಿಸಲು ಕಲಿಸುವ ಮೊದಲೇ ನಾನು ನನ್ನ ಹುಡುಗಿಯರಿಗೆ ಕಲಿಸುತ್ತಿದ್ದದ್ದು ಈ ಮಾರ್ಜಿನ್. ಹೊಲಿದ ಬಟ್ಟೆ ಹಾಗೇ ಇರುತ್ತದೆ, ಮೈ ಹಾಗೇ ಇರುವುದಿಲ್ಲ. ಹುಡುಗಿ ಬೆಳೆಯುತ್ತಾಳೆ, ಮದುವೆಯಾಗುತ್ತಾಳೆ, ಹೆರುತ್ತಾಳೆ, ಕಾಯಿಲೆ ಬಿದ್ದು ಏಳುತ್ತಾಳೆ. ಹೊಲಿಗೆ ಬಿಚ್ಚಿದರೆ ಒಳಗೆ ಬಟ್ಟೆ ಸಿಗಬೇಕು. ನಮ್ಮ ಕಡೆ ಯಾವ ಹೆಂಗಸೂ ಟೈಲರಿಗೆ "ಒಳಗೆ ಬಟ್ಟೆ ಬಿಡಿ" ಅಂತ ಹೇಳದೆ ಅಂಗಡಿಯ ಮೆಟ್ಟಿಲಿಳಿಯುವುದಿಲ್ಲ.

ಹಿಂದಿನ ವಾರದ ಟ್ರಯಲ್ಲಿನಲ್ಲಿ ರವಿಕೆ ಸರಿಯಾಗಿ ಕೂತಿತ್ತು. ಈ ಭಾನುವಾರ ಹಾಕಿಕೊಂಡು ಬಂದು ನಿಂತಳು. ಬೆನ್ನಿನ ಕಡೆ ಕೊಕ್ಕೆಯ ಗುರುತು ಮಾಡಲು ಚಾಕ್ ತೆಗೆದುಕೊಂಡೆ. ಬಟ್ಟೆ ಎರಡೂ ಕಡೆಯಿಂದ ಎಳೆಯುತ್ತಿತ್ತು.

"ಉಸಿರು ಬಿಡು."

"ಬಿಟ್ಟಿದೀನಿ."

"ಬಿಟ್ಟಿಲ್ಲ. ಬಿಡು."

ಬಿಟ್ಟಳು. ನಾನು ಸಿಕ್ಕಿಸಿದ್ದ ಗುಂಡುಪಿನ್ನು ಟಪ್ಪನೆ ಹಾರಿ ನೆಲಕ್ಕೆ ಬಿತ್ತು. ಅವಳು ಪಕ್ಕದ ಗೋಡೆಗೆ ಕೈಯಾನಿಸಿ ನಿಂತಳು. ಆ ಕೈ ಹಿಡಿದೆ, ತಣ್ಣಗಿತ್ತು. ತಿಂಡಿ ತಿಂದೆಯಾ ಅಂತ ಕೇಳಿದೆ. "ಆಮೇಲೆ ಅಜ್ಜಿ, ಟ್ರಯಲ್ ಆಗ್ಲಿ" ಎಂದಳು.

ರವಿಕೆ ಬಿಚ್ಚಿಸಿ ತಿರುಗಿಸಿ ನೋಡಿದೆ. ಪಕ್ಕದ ಹೊಲಿಗೆ ನನ್ನದಲ್ಲ. ನಾನು ಸಣ್ಣ ಹೊಲಿಗೆ ಹಾಕುವವಳು. ಇದು ಉದ್ದುದ್ದ, ಅಲ್ಲಲ್ಲಿ ದಾರ ಸಡಿಲ. ನಾನು ಹಾಕಿದ ಹೊಲಿಗೆಯ ಒಳಗಡೆಗೆ ಒಂದೊಂದು ಬೆರಳು ಹಿಡಿದು ಹೊಸ ಹೊಲಿಗೆ ಹಾಕಿದ್ದಳು. ಅದೂ ಹೋಗಲಿ, ಬಿಚ್ಚಬಹುದಿತ್ತು. ಆದರೆ ಹೊಲಿಗೆಯ ಪಕ್ಕ ಬಟ್ಟೆಯೇ ಇರಲಿಲ್ಲ. ಮಾರ್ಜಿನನ್ನು ಬುಡದವರೆಗೆ ಕತ್ತರಿಸಿ ತೆಗೆದಿದ್ದಳು.

"ಯಾವಾಗ ಮಾಡಿದೆ?"

"ನಿನ್ನೆ ಮಧ್ಯಾಹ್ನ. ನೀವು ಮಲಗಿದ್ರಿ."

"ಹಿಡಿದದ್ದು ಸರಿ. ಕತ್ತರಿಸಿದ್ದು ಯಾಕೆ?"

"ಒಳಗೆ ಬಟ್ಟೆ ಇದ್ರೆ ಅಲ್ಲಿ ಉಬ್ಬಿದ ಹಾಗೆ ಇರುತ್ತೆ ಅಜ್ಜಿ. ದಪ್ಪ ಕಾಣ್ತೀನಿ."

ಎಷ್ಟು ಬ್ಯಾಚಿನ ಹುಡುಗಿಯರಿಗೆ ಕಲಿಸಿದ್ದೇನೆ. ತೋಳನ್ನು ತಿರುಗಾಮುರುಗಾ ಹೊಲಿದವರಿದ್ದಾರೆ, ತಮ್ಮ ಲಂಗವನ್ನೇ ಸೇರಿಸಿ ಹೊಲಿದುಕೊಂಡವರಿದ್ದಾರೆ. ಮಾರ್ಜಿನ್ ಕತ್ತರಿಸಿದವಳು ಒಬ್ಬಳೂ ಇರಲಿಲ್ಲ. ನಾನು ಜೋರಾಗಿಯೇ ಕೂಗಿದೆ. ಅಡಿಗೆಮನೆಯಿಂದ ಸೊಸೆ ಕಾಫಿ ಲೋಟ ಹಿಡಿದೇ ಓಡಿಬಂದಳು.

"ಏನಾಯ್ತು ಅತ್ತೆ?"

"ನೋಡು ನಿನ್ನ ಮಗಳ ಕೆಲಸ. ಇನ್ನು ಇದನ್ನು ಬಿಡಿಸೋಕೆ ಆಗಲ್ಲ. ನಾಳೆ ಸ್ಟೇಜ್ ಮೇಲೆ ಉಸಿರಾಡಬೇಕು ಅನ್ನಿಸಿದರೆ ಇಳಿದು ಬಂದು ಉಸಿರಾಡಿ ಹೋಗಬೇಕು."

"ಬಟ್ಟೆ ಮಿಕ್ಕಿಲ್ವಾ?"

ಮಿಕ್ಕಿರಲಿಲ್ಲ. ಅವೆನ್ಯೂ ರಸ್ತೆಯ ಪಕ್ಕದ ಗಲ್ಲಿಯೊಂದರಲ್ಲಿ ಥಾನಿನ ಕೊನೆಯ ತುಂಡು ಸಿಕ್ಕಿತ್ತು. ಅದರಲ್ಲೇ ಇವಳ ರವಿಕೆ, ಇವಳ ಜೊತೆ ವೇದಿಕೆ ಹತ್ತುವ ಹುಡುಗನ ಬೆನ್ನಿಗೆ ಇಳಿಬಿಡುವ ಮೇಲುಹೊದಿಕೆ, ಎರಡೂ ಆಗಿದ್ದವು. ಭಾನುವಾರ ಆ ಗಲ್ಲಿಯ ಅಂಗಡಿಗಳು ಬಾಗಿಲು ತೆಗೆಯುವುದೂ ಇಲ್ಲ.

ಸೊಸೆ ಮಗಳನ್ನು ಗದರಲಿಲ್ಲ. ರವಿಕೆಯನ್ನು ಕೈಗೆ ತೆಗೆದುಕೊಂಡು ನೋಡಿ, "ಚಿತ್ರದಲ್ಲಿ ಇನ್ನೂ ಸಣ್ಣ ಇದೆಯಲ್ಲ ಅತ್ತೆ, ಅದಕ್ಕೆ ಹಾಗೆ ಮಾಡಿದಾಳೆ" ಎಂದಳು. ನನಗೆ ಆ ಮಾತು ಕೇಳಿ ಇನ್ನೂ ರೇಗಿತು. ಚಿತ್ರದಲ್ಲಿ ಇದೆ! ಚಿತ್ರ ಮಾಡಿದವಳು ಇವಳೇ.

ಈ ಗೇಮನ್ನು ನಾನೂ ನೋಡಿದ್ದೇನೆ. ಸಂಜೆ ಆರಕ್ಕೆ ನಾನು ಹೂಬತ್ತಿ ಹೊಸೆಯಲು ಕೂರುತ್ತೇನೆ. ಕಳೆದ ತಿಂಗಳು ಒಂದು ಸಂಜೆ ಮೊಮ್ಮಗಳು ಪಕ್ಕದಲ್ಲೇ ಟಿವಿಗೆ ಗೇಮು ಹಾಕಿಕೊಂಡು ಕೂತಿದ್ದಳು. ಪೂರ್ತಿ ನೋಡಿದೆ. ಗಂಡಸೊಬ್ಬ, ಕತ್ತಿನಿಂದ ಕಾಲುಬೆರಳವರೆಗೆ ಕಬ್ಬಿಣ. ತೋಳು ಒಂದೊಂದೂ ಹಲಸಿನಹಣ್ಣಿನ ಗಾತ್ರ. ಕೆಲಸವಿಲ್ಲದಾಗ ಕೈಕಟ್ಟಿ ದೂರ ನೋಡುತ್ತ ನಿಲ್ಲುತ್ತಾನೆ. ಈ ಭರ್ಜಿಯ ಹೆಂಗಸು ಕೆಲಸವಿಲ್ಲದಾಗ ಸೊಂಟ ಬಳುಕಿಸುತ್ತ ನಿಲ್ಲುತ್ತಾಳೆ. ಯುದ್ಧಭೂಮಿಯಲ್ಲಿ, ಸುತ್ತ ಹೆಣ ಬಿದ್ದಿರುವಾಗ.

"ಇವಳ ಕೆಲಸ ಏನೇ?"

"ಹೀಲರ್ ಅಜ್ಜಿ. ಏಟು ಬಿದ್ದೋರಿಗೆ ವಾಸಿ ಮಾಡ್ತಾಳೆ."

"ಭರ್ಜಿ ಯಾಕೆ ಮತ್ತೆ?"

"ಸುಮ್ನೆ. ಸ್ಟೈಲಿಗೆ."

ಅಷ್ಟರಲ್ಲಿ ಆ ಗಂಡಸು ದಾರಿಯಲ್ಲಿ ಬಿದ್ದಿದ್ದ ರೊಟ್ಟಿಯನ್ನೋ ಏನನ್ನೋ ಎತ್ತಿ ತಿಂದ. ಪರದೆಯ ಮೂಲೆಯ ಹಸಿರು ಪಟ್ಟಿ ಉದ್ದವಾಯಿತು.

"ಅವನು ಯಾಕೆ ತಿಂದ?"

"ಹೆಲ್ತ್ ಜಾಸ್ತಿ ಆಗೋಕೆ."

"ಇವಳು ತಿನ್ನಲ್ವಾ?"

"ಇಲ್ಲ ಅಜ್ಜಿ. ಇವಳು ಕೊಡೋಳು."

ಆ ಸಂಜೆ ಹೊಸೆದ ಬತ್ತಿಗಳೆಲ್ಲ ಸೊಟ್ಟಗಾದವು. ಗೇಮೊಂದೇ ಅಲ್ಲ. ಅದನ್ನು ನಿಲ್ಲಿಸಿ ಟಿವಿ ಹಾಕಿದರೆ ಜಾಹೀರಾತಿನಲ್ಲಿ ಒಬ್ಬ ಅಮ್ಮ ಎಲ್ಲರಿಗೂ ಬಡಿಸಿ ಬಡಿಸಿ ನಗುತ್ತಾಳೆ, ತಾನೊಂದು ತುತ್ತು ತಿಂದದ್ದನ್ನು ನಾನು ನೋಡಿಲ್ಲ. ಅವಳ ಸೊಂಟವೂ ಅಷ್ಟೇ. ಎರಡು ಮಕ್ಕಳ ತಾಯಿ ಅಂತ ಹೇಳುತ್ತಾರೆ. ಮಕ್ಕಳನ್ನು ಎಲ್ಲಿಂದ ತಂದಳೋ ಅವರನ್ನೇ ಕೇಳಬೇಕು.

ಭಾನುವಾರಕ್ಕೆ ಬರುತ್ತೇನೆ. ಹನ್ನೊಂದು ಗಂಟೆಗೆ ಆ ಹುಡುಗ ಬಂದ. ಮೊಮ್ಮಗಳ ಕ್ಲಾಸಿನವನು, ಅವಳ ಜೊತೆ ಆ ಕಬ್ಬಿಣದ ಗಂಡಸಿನ ವೇಷ ಹಾಕುವವನು. ಅವನ ಮನೆಯವರದು ಮಾರ್ಕೆಟ್ಟಿನಲ್ಲಿ ತರಕಾರಿ ವ್ಯಾಪಾರ. ಕಾಲೇಜಿಗೆ ಹೋಗುವ ಮುಂಚೆ ಲಾರಿಯಿಂದ ಟೊಮೆಟೊ ಕ್ರೇಟುಗಳನ್ನು ಇಳಿಸಿ ಬರುವ ಹುಡುಗ. ಕ್ರೇಟು ಎತ್ತಿ ಎತ್ತಿ ಅವನ ಕೈ ಹಗ್ಗದ ಹಾಗೆ ಗಟ್ಟಿ, ಆದರೆ ಸಣ್ಣ. ಮೊಮ್ಮಗಳು ಅವನನ್ನು ಕರೆಯುವುದೇ ಕಡ್ಡಿ ಅಂತ. ಒಂದು ದೊಡ್ಡ ಚೀಲದಲ್ಲಿ ವೇಷ ತಂದಿದ್ದ. ಒಳಗಿನ ರೂಮಿನಲ್ಲಿ ಹಾಕಿಕೊಂಡು ಹೊರಗೆ ಬಂದ. ಕತ್ತಿನಿಂದ ಕಾಲವರೆಗೆ ಬೆಳ್ಳಿ ಬಣ್ಣ ಬಳಿದ ದಪ್ಪ ಫೋಮು, ಬೆನ್ನಿಗೆ ನಾನು ಹೊಲಿದ ತಾಮ್ರದ ಬಣ್ಣದ ಹೊದಿಕೆ. ಮುಖದಿಂದ ಬೆವರು ತೊಟ್ಟಿಕ್ಕುತ್ತಿತ್ತು. ತೋಳು ಎರಡೂ ಕಡೆ ಉಬ್ಬಿ ಕೈ ಕೆಳಗೆ ಇಳಿಯುತ್ತಿರಲಿಲ್ಲ.

"ಏನೋ ಅದು ತೋಳಲ್ಲಿ?"

"ಹತ್ತಿ ಅಜ್ಜಿ. ಕಾಟನ್‌ಪೇಟೇಲಿ ತಗೊಂಡೆ. ಸಾಲ್ಲಿಲ್ಲ ಅಂತ ಮನೆ ದಿಂಬು ಒಂದು ಬಿಚ್ಚಿದೆ. ಅಮ್ಮನಿಗೆ ಹೇಳ್ಬೇಡಿ."

"ನೀನು ಕ್ರೇಟು ಎತ್ತೋನಲ್ವಾ? ನಿನಗೆ ಯಾಕೋ ಹತ್ತಿ?"

"ಎತ್ತೋದೇನೋ ಎತ್ತುತೀನಿ. ಎತ್ತೋ ಥರ ಕಾಣಲ್ವಲ್ಲ!"

ಮೊಮ್ಮಗಳು ನಕ್ಕಳು. "ಲೋ ಕಡ್ಡಿ, ಹಾಸಿಗೆ ಎದ್ದು ಓಡಾಡೋ ಹಾಗಿದೀಯ."

"ನೀನು ನಗಬೇಡ ಮಗಾ. ನಾನು ಎಷ್ಟು ಕಷ್ಟಪಟ್ಟು ತಿಂತಿದೀನಿ ಗೊತ್ತಾ? ಅಜ್ಜಿ, ನಿಮ್ಮನೆ ಅವಲಕ್ಕಿ ಒಗ್ಗರಣೆ ಅಂದ್ರೆ ಸೂಪರ್. ಚಪಾತಿ ಪಲ್ಯಾನೂ. ನಂದು ಡಬ್ಬಿ ಮುಗ್ಸಿ ಇವಳ್ದೂ ಮುಗಿಸ್ತೀನಿ ದಿನಾ. ಆದ್ರೂ ಬಾಡಿ ಬರ್ತಿಲ್ಲ."

ಅವನು ಹೇಳಿದ್ದು ಹೊಗಳಿಕೆಗೆ. ಮೊಮ್ಮಗಳ ನಗು ನಿಂತಿತು. "ಮುಚ್ಚೋ ಬಾಯಿ" ಎಂದಳು ಮೆಲ್ಲಗೆ.

ದಿನಾ ಬೆಳಗ್ಗೆ ಏಳಕ್ಕೆ ಆ ಡಬ್ಬಿಗೆ ಹಾಕುವವಳು ನಾನು. ಸಂಜೆ ಖಾಲಿಯಾಗಿ ಬರುತ್ತಿತ್ತು. ಡಬ್ಬಿಯಲ್ಲಿ ಒಂದು ಅಗುಳೂ ಬಿಡದೆ ತಿನ್ನುವ ಹುಡುಗಿ ಅಂತ ಅಕ್ಕಪಕ್ಕದವರ ಹತ್ತಿರ ಹೇಳಿಕೊಂಡಿದ್ದೆ.

"ಎಷ್ಟು ದಿನದಿಂದ?" ಅಂತ ಕೇಳಿದವಳು ಸೊಸೆ. ಎರಡನೆಯ ಸಲದ ಕಾಫಿ ಲೋಟ ಅವಳ ಕೈಯಲ್ಲಿತ್ತು.

"ಊಟ ಬಿಟ್ಟಿಲ್ಲಮ್ಮ. ಸ್ವಲ್ಪ ಕಮ್ಮಿ ಮಾಡಿದೀನಿ. ನಾಳೆ ಮುಗಿದ್ರೆ ಸರಿ ಹೋಗುತ್ತೆ."

"ಹುಚ್ಚು ಹಿಡಿದಿದೆಯಾ ನಿಂಗೆ? ಅದು ಗೇಮು ಕಣೇ! ಆ ಸೊಂಟ ಮನುಷ್ಯರಿಗೆ ಇರೋದಲ್ಲ. ಮಾಡಿರೋಳು ನಾನು, ನಂಗೆ ಗೊತ್ತಿಲ್ವಾ?"

ಮೊಮ್ಮಗಳು ತಾಯಿಯ ಕಡೆ ತಿರುಗಿದಳು. ಅವಳು ಧ್ವನಿ ಏರಿಸಲಿಲ್ಲ. ಏರಿಸಿದ್ದರೆ ನನಗೆ ಸುಲಭವಾಗುತ್ತಿತ್ತು.

"ಮೊದಲು ನೀನು ಮಾಡಿದ್ದು ಯಾರ ಸೊಂಟ ಅಮ್ಮ?"

ಸೊಸೆ ಕೈಯಲ್ಲಿದ್ದ ಲೋಟದ ಕಡೆ ನೋಡಿದಳು.

"ಹೋದ ವರ್ಷ ನನ್ನನ್ನ ತಾರಸಿ ಮೇಲೆ ನಿಲ್ಲಿಸಿ, ಕೈಗೆ ಕಸಪೊರಕೆ ಕೊಟ್ಟು, ಭರ್ಜಿ ಹಿಡಿಯೋ ಥರ ಹಿಡಿ ಅಂತ ಫೋಟೋ ತೆಗೆದೆಯಲ್ಲ? ಅದನ್ನ ನೋಡ್ಕೊಂಡೇ ಮಾಡಿದ್ದು ತಾನೇ? ಎಷ್ಟು ಚೆನ್ನಾಗಿತ್ತು. ಹೊಟ್ಟೆ ಮೇಲೂ ಕವಚ ಇತ್ತು. ಆಮೇಲೆ ಅದು ವಾಪಸ್ ಬಂತು. ಸೊಂಟ ದಪ್ಪ ಆಯ್ತು, ತೆಗೀರಿ ಅಂತ. ತೆಗೆದೆ. ಮತ್ತೆ ಬಂತು. ಇನ್ನೂ ತೆಗೀರಿ. ಮೂರು ಸಲ. ನಾನು ನಿನ್ನ ಕುರ್ಚಿ ಹಿಂದೆ ನಿಂತು ಓದ್ತಿದ್ದೆ ಅಮ್ಮ. ಅವರು ಹೇಳ್ತಿರೋದು ಗೊಂಬೆಗೆ ಅಂತ ನೀನು ಅಂದ್ಕೊಂಡೆ. ಅದು ನನ್ನ ಸೊಂಟ."

ಹುಡುಗ ನೆಲ ನೋಡುತ್ತ ನಿಂತ. ಅವನ ತೋಳಿನ ಹತ್ತಿ ಸಂದಿಯಿಂದ ಒಂದಿಷ್ಟು ಹೊರಗೆ ಇಣುಕುತ್ತಿತ್ತು.

"ನಾಳೆ ನಾನು ಅಲ್ಲಿ ನಿಂತು ನಮ್ಮಮ್ಮ ಮಾಡಿದ್ದು ಅಂತೀನಲ್ಲ" ಎಂದಳು ಮೊಮ್ಮಗಳು, "ಆಗ ಇವಳು ಹಾಗಿಲ್ವಲ್ಲ ಅಂತ ಯಾರಾದ್ರೂ ನಕ್ಕರೆ? ನಾಲ್ಕನೇ ಸಲ ವಾಪಸ್ ಬರೋದು ನಂಗೆ ಬೇಡ."

ಸೊಸೆ ಲೋಟವನ್ನು ಮಷೀನಿನ ಮೇಲಿಟ್ಟಳು. ನನ್ನ ಮಷೀನಿನ ಮೇಲೆ ಲೋಟ ಇಡುವುದು ಈ ಮನೆಯಲ್ಲಿ ನಿಷಿದ್ಧ. ಅವತ್ತು ನಾನೇ ಅದನ್ನು ಎತ್ತಿ ಕೆಳಗಿಟ್ಟೆ. ಅವಳು ನನ್ನ ಕಡೆ ನೋಡಿ, "ನಾನು ಮೊದಲನೇ ಸಲ ಬರೆದು ಕೇಳಿದ್ದೆ ಅತ್ತೆ, ಯಾಕೆ ಅಂತ. ಆಡೋರಿಗೆ ಹೀಗೇ ಇಷ್ಟ ಅಂದ್ರು. ಎರಡನೇ ಸಲ ಕೇಳ್ಲಿಲ್ಲ. ಕೇಳಿದ್ರೆ ಬೇರೆಯವರಿಗೆ ಕೊಡ್ತಾರೆ, ಅವರು ಮಾಡ್ತಾರೆ" ಎಂದಳು.

ನನ್ನ ಸಿಟ್ಟಿನ ಗತಿ ಏನಾಯಿತು ಅಂತ ಇಲ್ಲಿ ಹೇಳಬೇಕು. ಕ್ಲಾಸಿನಲ್ಲಿ ತಪ್ಪು ಮಾಡಿದವಳನ್ನು ನಾನು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದೆ. ಇಲ್ಲಿ ಯಾರನ್ನು ನಿಲ್ಲಿಸಲಿ? ಊಟ ಬಿಟ್ಟ ಹುಡುಗಿಯನ್ನೇ? ಹೊಟ್ಟೆಪಾಡಿಗೆ ಹೇಳಿದಂತೆ ಮಾಡಿದ ತಾಯಿಯನ್ನೇ? ಎರಡೆರಡು ಡಬ್ಬಿ ತಿಂದು ದಿಂಬು ಬಿಚ್ಚಿದ ಈ ಬಡಪಾಯಿಯನ್ನೇ? ದಪ್ಪ ಅಂದವನು ಯಾವ ದೇಶದಲ್ಲಿ ಯಾವ ಮೇಜಿನ ಹಿಂದೆ ಕೂತಿದ್ದಾನೋ ಗೊತ್ತಿಲ್ಲ. ಅವನಿಗೆ ಮುಖವಿಲ್ಲ. ಅವನನ್ನು ಕೇಳಿದರೆ ಆಡುವವರಿಗೆ ಇಷ್ಟ ಅನ್ನುತ್ತಾನೆ. ಆಡುವವಳು ನಮ್ಮ ಮನೆಯಲ್ಲೇ ಇದ್ದಾಳೆ, ಅವಳನ್ನು ಯಾರೂ ಕೇಳಿಲ್ಲ. ಬಟ್ಟೆ ತಪ್ಪಾದರೆ ಬಿಚ್ಚಿ ಹೊಲಿಯಬಹುದು ಅಂತ ಕಲಿಸಿಕೊಂಡು ಬಂದವಳು ನಾನು. ಎಲ್ಲಿಂದ ಬಿಚ್ಚಬೇಕು ಅಂತ ಗೊತ್ತಾಗದೆ ಕೂತದ್ದು ಅವತ್ತೇ ಮೊದಲು.

ಆದರೆ ಗಂಟೆ ಹನ್ನೆರಡಾಗುತ್ತಿತ್ತು, ಕೆಲಸ ಬಾಕಿ ಇತ್ತು. ನಮ್ಮ ಮನೆಯಲ್ಲಿ ಹನ್ನೆರಡೂವರೆಗೆ ಊಟ. ಎಲ್ಲರನ್ನೂ ಕೂರಿಸಿದೆ, ಆ ಹುಡುಗನನ್ನೂ, ಫೋಮು ಕಳಚಿಸಿ. ಅನ್ನ, ಹುರುಳಿಕಾಯಿ ಹುಳಿ, ಮಜ್ಜಿಗೆ. ಮೊಮ್ಮಗಳು ಹುಳಿಯನ್ನ ಅರ್ಧ ತಿಂದು ಕೈ ಹಿಂದಕ್ಕೆ ತೆಗೆದಳು. ಹುಡುಗ ಅಭ್ಯಾಸಬಲದಿಂದ ಅವಳ ತಟ್ಟೆಯ ಕಡೆ ನೋಡಿದ.

"ನೋಡಿದರೆ ಬೆರಳು ಕತ್ತರಿಸ್ತೀನಿ" ಎಂದೆ. ಅವನು ತನ್ನ ತಟ್ಟೆಗೇ ಬಗ್ಗಿದ. ಮೊಮ್ಮಗಳಿಗೆ ಸ್ವಲ್ಪ ನಗು ಬಂತು. ಮಜ್ಜಿಗೆ ಅನ್ನ ಎರಡು ತುತ್ತು ತಿಂದಳು. ಮೂರನೆಯದಕ್ಕೆ ಬಲವಂತ ಮಾಡಲಿಲ್ಲ. ಬಲವಂತ ಮಾಡಬೇಕೆಂದು ನಾಲಿಗೆಯ ತುದಿಗೆ ಬಂದಿತ್ತು.

ಊಟದ ಮೇಲೆ ಆ ಹುಡುಗ ಮತ್ತೆ ವೇಷ ಹಾಕಿ, ನಡೆಯುವುದನ್ನು ತೋರಿಸುತ್ತೇನೆಂದು ನಡುಮನೆಯಲ್ಲಿ ನಡೆದ. ಹೊದಿಕೆ ನೆಲದ ಮೇಲೆ ಮೊಳದುದ್ದ ಎಳೆದುಕೊಂಡು ಬರುತ್ತಿತ್ತು. ಚಿತ್ರದಲ್ಲಿ ಹಾಗೇ ಇದೆ ಅಂತ ಅವನೇ ಅಷ್ಟುದ್ದ ಹೊಲಿಸಿಕೊಂಡಿದ್ದ. ತಿರುಗುವಾಗ ತಾನೇ ಅದನ್ನು ಮೆಟ್ಟಿ ಮಂಚದ ಮೇಲೆ ಬಿದ್ದ. ಹತ್ತಿ ಇದ್ದುದರಿಂದ ಪೆಟ್ಟಾಗಲಿಲ್ಲ.

ಆಗ ನನ್ನ ಕಣ್ಣು ಆ ಬಟ್ಟೆಯ ಮೇಲೆ ಬಿತ್ತು. ಅದೇ ಬಣ್ಣ, ಅದೇ ಥಾನು.

"ಆ ಬಾಲ ನನಗೆ ಕೊಡ್ತೀಯೇನೋ?"

"ಪೂರ್ತಿ ತಗೊಳ್ಳಿ ಅಜ್ಜಿ. ನಾಳೆ ಮೆಟ್ಟಿಲಲ್ಲಿ ಬಿದ್ರೆ ಮಾನ ಹೋಗುತ್ತೆ."

ಮೊಳದುದ್ದ ಕತ್ತರಿಸಿದೆ. ಎರಡೂ ಪಕ್ಕಕ್ಕೆ ಉದ್ದ ಪಟ್ಟಿ ಸೇರಿಸಿದರೆ ರವಿಕೆ ಮೊದಲಿನ ಅಳತೆಗೆ ಬರುತ್ತಿತ್ತು. ಅದಾದ ಮೇಲೂ ಹೊಟ್ಟೆಯ ಕಿಂಡಿ ಮುಚ್ಚುವಷ್ಟು ಬಟ್ಟೆ ಉಳಿಯುತ್ತಿತ್ತು. ಆದರೆ ಮುಚ್ಚುವುದು ಹೇಗೆ, ಸುಮ್ಮನೆ ತೇಪೆ ಹಾಕಿದರೆ ತೇಪೆಯ ಹಾಗೇ ಕಾಣುತ್ತದೆ. ಸೊಸೆಯನ್ನು ಕರೆದೆ.

"ನೀನು ಮೊದಲು ಮಾಡಿದ್ದಲ್ಲ, ಹೊಟ್ಟೆ ಮೇಲೂ ಕವಚ ಇದ್ದದ್ದು, ಅದು ನೆನಪಿದೆಯಾ?"

"ಕಂಪನಿ ಕಂಪ್ಯೂಟರಲ್ಲಿದೆ ಅತ್ತೆ. ಅದನ್ನ ಹೊರಗೆ ತೆಗೆಯೋ ಹಾಗಿಲ್ಲ."

"ನಾನು ಕಂಪ್ಯೂಟರ್ ಕೇಳಿದ್ನಾ? ನೆನಪಿದೆಯಾ ಅಂದೆ."

ಅವಳು ಚಾಕ್ ತುಂಡು ಎತ್ತಿಕೊಂಡು ಬ್ರೌನ್ ಪೇಪರಿನ ಮುಂದೆ ನೆಲದ ಮೇಲೆ ಕೂತಳು. ಒಂದು ಗೆರೆಯನ್ನೂ ಅಳಿಸಲಿಲ್ಲ. ಎದೆಯ ಕೆಳಗಿನಿಂದ ಒಂದರ ಮೇಲೊಂದು ಬರುವ ಹಾಗೆ ಪಟ್ಟಿಗಳು, ಮೀನಿನ ಮೈಯ ಹಾಗೆ, ಬಗ್ಗಿದರೆ ಬಗ್ಗುವಂಥವು. ಕೂತು ಏಳಲು ಬರುವ, ನಿಜವಾಗಿಯೂ ಯುದ್ಧಕ್ಕೆ ಹಾಕಿಕೊಂಡು ಹೋಗಬಹುದಾದ ಕವಚ. ಮೊಮ್ಮಗಳು ಬಾಗಿಲಲ್ಲಿ ನಿಂತು ನೋಡುತ್ತಿದ್ದವಳು ಹತ್ತಿರ ಬಂದಳು.

"ಇದೇ" ಎಂದಳು. ಆಮೇಲೆ, "ಆದ್ರೆ ಗೇಮಲ್ಲಿ ಹೀಗಿಲ್ಲ. ಜಡ್ಜ್ ತಪ್ಪು ಅಂತ ಹೇಳಿದ್ರೆ?"

"ಮೊದಲು ಹೀಗಿತ್ತು ಅಂತ ಹೇಳು" ಎಂದಳು ಸೊಸೆ, ತಲೆ ಎತ್ತದೆ. "ನಂಬದಿದ್ರೆ, ಮಾಡಿದೋಳು ಮುಂದಿನ ಸಾಲಲ್ಲಿ ಕೂತಿರ್ತಾಳೆ, ಕೇಳ್ಲಿ. ನಾಳೆ ರಜ ಹಾಕ್ತೀನಿ."

"ನಿನ್ನ ಆಫೀಸಲ್ಲಿ ಏನಾದ್ರೂ ಅಂದ್ರೆ?"

"ನಾನು ಬಾಯಲ್ಲಿ ಹೇಳೋದು ತಾನೇ. ಅನ್ನಲಿ."

ಮೊಮ್ಮಗಳು ಪೇಪರಿನ ಗೆರೆಗಳ ಮೇಲೆ ಬೆರಳಾಡಿಸಿದಳು. ಬೇಡ ಅಂದಿದ್ದರೆ ನಾನು ಆ ಕಿರಿದಾದ ರವಿಕೆಯನ್ನೇ ಕೊಡಬೇಕಾಗಿತ್ತು; ಹಾಕಿಕೊಳ್ಳುವ ಮೈ ಅವಳದು. ಕೊನೆಗೆ ನನ್ನ ಮುಂದೆ ಬಂದು ಕೈ ಎರಡೂ ಮೇಲೆತ್ತಿ ನಿಂತಳು.

"ಅಳತೆ ತಗೊಳ್ಳಿ ಅಜ್ಜಿ. ಜೋರಾಗಿ ಹೇಳ್ಬೇಡಿ."

ಕ್ಲಾಸಿನಲ್ಲಿ ಅಳತೆಯನ್ನು ಜೋರಾಗಿ ಹೇಳುವುದು, ಪಕ್ಕದವಳು ಬರೆದುಕೊಳ್ಳುವುದು ಪದ್ಧತಿ. ನಾನು ಟೇಪು ಸುತ್ತಿ ನೋಡಿದೆ, ತೆಗೆದೆ. ಯಾರಿಗೂ ಹೇಳಲಿಲ್ಲ, ಬರೆಯಲೂ ಇಲ್ಲ. ಬಟ್ಟೆಯನ್ನು ಆ ಅಳತೆಗೆ ಕತ್ತರಿಸಲಿಲ್ಲ. ಮೊದಲು ತೆಗೆದಿದ್ದ ಅಳತೆಗೇ ಕತ್ತರಿಸಿದೆ. ಒಂದು ದಿನದ ಊಟಕ್ಕೆ ಅವಳು ಅಲ್ಲಿಗೆ ಬರುವುದಿಲ್ಲ ಅಂತ ಗೊತ್ತಿತ್ತು. ಅದಕ್ಕೆ ಬೆನ್ನಿನಲ್ಲಿ ಕೊಕ್ಕೆ ಸಿಕ್ಕಿಸುವ ಕುಣಿಕೆಗಳನ್ನು ಎರಡು ಸಾಲು ಹಾಕುವುದೆಂದು ತೀರ್ಮಾನಿಸಿದೆ. ಒಂದು ಈಗಿನ ಮೈಗೆ, ಇನ್ನೊಂದು ಮೊದಲಿನ ಮೈಗೆ.

ಆಮೇಲೆ ಕೆಲಸ ಹಂಚಿದೆ. ಸೊಸೆ ಪಟ್ಟಿ ಕತ್ತರಿಸುವುದು, ಮೊಮ್ಮಗಳು ಕಚ್ಚಾ ಹೊಲಿಗೆ ಹಾಕುವುದು, ನಾನು ಮಷೀನು. ಹುಡುಗ ಕೂತಲ್ಲೇ ತನ್ನ ತೋಳಿನ ಹತ್ತಿ ಕೀಳುತ್ತಿದ್ದ.

"ತೆಗಿ ಅಂತ ನಾನು ಹೇಳಿಲ್ಲ" ಎಂದೆ.

"ಸೆಖೆ ಅಜ್ಜಿ. ಅರ್ಧ ತೆಗೀತೀನಿ. ಅರ್ಧ ಇರ್ಲಿ."

ಅರ್ಧ ಇರಲಿ ಅಂದದ್ದು ನನಗೆ ಹಿಡಿಸಲಿಲ್ಲ. ಆದರೆ ಅರ್ಧ ತೆಗೆದನಲ್ಲ. ತೆಗೆದ ಹತ್ತಿಯನ್ನು ಒಂದು ಕವರಿಗೆ ತುಂಬಿ, ದಿಂಬಿಗೆ ವಾಪಸ್ ಹಾಕು ಅಂತ ಕೊಟ್ಟು ಐದಕ್ಕೆ ಮನೆಗೆ ಕಳಿಸಿದೆ. ಹೋಗುವಾಗ ಬಾಗಿಲಲ್ಲಿ ನಿಂತು, "ನಾಳೆಯಿಂದ ನಿನ್ನ ಡಬ್ಬಿ ನೀನೇ ತಿನ್ನು ಮಗಾ. ನಂಗೆ ಗೊತ್ತಿದ್ರೆ ಮುಟ್ತಿರ್ಲಿಲ್ಲ" ಎಂದ ಮೊಮ್ಮಗಳಿಗೆ. ಅವಳು "ಹೋಗೋ ಕಡ್ಡಿ" ಎಂದಳು. ಕಡ್ಡಿ ಅನ್ನಬೇಡ ಅಂತ ಹೇಳಬೇಕಿತ್ತು ನಾನು. ಅಷ್ಟರಲ್ಲಿ ದಾರ ತುಂಡಾಗಿ ಅದರ ಕಡೆ ಗಮನ ಹೋಯಿತು.

ಸಂಜೆ ಸೊಸೆ ದೋಸೆ ಹುಯ್ದಳು. ಮೊಮ್ಮಗಳು ಒಂದು ತಿಂದು, ಎರಡನೆಯದನ್ನು ತಟ್ಟೆಯಲ್ಲಿ ಮುರಿದು ಮುರಿದು ಇಟ್ಟಳು. ತಾಯಿ ನನ್ನ ಮುಖ ನೋಡಿದಳು, ನಾನು ಅವಳ ಮುಖ ನೋಡಿದೆ. ಒಂದು ಭಾನುವಾರದ ಹೊಲಿಗೆಗೆ ಇದು ಮುಗಿಯುವ ವಿಷಯವಲ್ಲ ಅಂತ ಇಬ್ಬರಿಗೂ ಗೊತ್ತಾಗಿತ್ತು. ಡಾಕ್ಟರ ಹತ್ತಿರ ಮಂಗಳವಾರ ಕರೆದುಕೊಂಡು ಹೋಗುತ್ತೇನೆ ಎಂದಳು ಸೊಸೆ, ಮಗಳಿಗೆ ಕೇಳುವ ಹಾಗೇ. ಮೊಮ್ಮಗಳು ಬೇಡ ಅನ್ನಲಿಲ್ಲ, ಹೂಂ ಅನ್ನಲೂ ಇಲ್ಲ.

ಏಳು ಗಂಟೆಗೆ ಅವಳು ನನ್ನ ಪಕ್ಕ ಬಂದು ಕೂತು, ರವಿಕೆಯ ಒಳಭಾಗವನ್ನು ತಿರುಗಿಸಿ ನೋಡಿದಳು.

"ಮತ್ತೆ ಎಷ್ಟು ಬಿಟ್ಟಿದೀರ ಒಳಗೆ?"

"ಎರಡು ಬೆರಳು."

"ಜಾಸ್ತಿ ಆಯ್ತು ಅಜ್ಜಿ."

"ಆಗಲಿ."

ಬೆರಳಿನಿಂದ ಆ ಬಟ್ಟೆಯನ್ನು ಒತ್ತಿ ಮಟ್ಟಸ ಮಾಡಿದಳು. ಉಬ್ಬುತ್ತದೆಯೇ ಅಂತ ನೋಡುತ್ತಿದ್ದಳು, ನನಗೆ ಗೊತ್ತು. ಮೇಜಿನ ಮೇಲೆ ಕತ್ತರಿ ಇತ್ತು. ಅವಳಿಗೆ ಕಾಣುವ ಹಾಗೆಯೇ ಅದನ್ನು ತೆಗೆದು ಮಷೀನಿನ ಡ್ರಾಯರಿನಲ್ಲಿಟ್ಟು ಬೀಗ ಹಾಕಿದೆ. ಅವಳು ಸೂಜಿಗೆ ದಾರ ಪೋಣಿಸಿ ನನ್ನ ಕೈಗೆ ಕೊಟ್ಟಳು.

ಕತ್ತರಿ ಒಳಗಿದ್ದುದರಿಂದ ದಾರವನ್ನು ಹಲ್ಲಿನಿಂದಲೇ ಕಚ್ಚಬೇಕಾಯಿತು. ಏಳೂಮುಕ್ಕಾಲಕ್ಕೆ ಎರಡನೆಯ ಸಾಲಿನ ಕೊನೆಯ ಕುಣಿಕೆ ಹಾಕಿ ಮುಗಿಸಿದೆ.